ಶಿಲೆ, ಸ್ವರ, ಶಬ್ದ: ಬೇಲೂರಿನ ಮದನಿಕೆಯರು ಮತ್ತು 'ಅಂತಃಪುರಗೀತೆ'

1

ವಾಸ್ತುಶಿಲ್ಪ, ಸಂಗೀತ ಮತ್ತು ಸಾಹಿತ್ಯಗಳ ಪರಸ್ಪರ ಸಂಬಂಧವನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಉಪಮೆಯ ಹಂತದಲ್ಲಿಯೇ ನಿಂತುಬಿಡುತ್ತದೆ. ದೇವಾಲಯವನ್ನು ಕಲ್ಲಿನಲ್ಲಿ ಬರೆದ ಕಾವ್ಯವೆಂದೋ ಹೆಪ್ಪುಗಟ್ಟಿದ ಸಂಗೀತವೆಂದೋ ಬಣ್ಣಿಸುವುದು ನಮ್ಮಲ್ಲಿ ರೂಢಿಯಾಗಿದೆ. ಇವುಗಳಲ್ಲಿ ಎರಡನೆಯದು 19ನೆಯ ಶತಮಾನದ ಆರಂಭದ ಜರ್ಮನ್ ಸೌಂದರ್ಯಚಿಂತನೆಯಿಂದ ಬಂದದ್ದು. ಷೆಲ್ಲಿಂಗ್ ತನ್ನ ಕಲಾತತ್ತ್ವದ ಉಪನ್ಯಾಸಗಳಲ್ಲಿ ಬಳಸಿದ ಈ ರೂಪಕ ಗಯಟೆಯ ಮೂಲಕ ಲೋಕಪ್ರಸಿದ್ಧವಾಯಿತು. ಒಂದು ಕಟ್ಟಡದ ಮುಂದೆ ನಿಂತಾಗ ಆಗುವ ಅನುಭವವನ್ನು ಈ ಮಾತು ಸೂಚಿಸಬಲ್ಲದು. ಆದರೆ ಯಾವ ಕಲೆ ಯಾವುದಕ್ಕೆ ಏನನ್ನು ಕೊಟ್ಟಿತು, ಏನನ್ನು ಪಡೆಯಿತು ಎಂಬ ಪ್ರಶ್ನೆಗೆ ಅದು ಉತ್ತರ ಹೇಳಲಾರದು.

ಭಾರತೀಯ ಶಾಸ್ತ್ರಪರಂಪರೆ ಈ ಸಂಬಂಧವನ್ನು ಬೇರೆಯ ರೀತಿಯಲ್ಲಿ ನೋಡಿದೆ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರ ಮತ್ತು ಮಾರ್ಕಂಡೇಯರ ಸಂವಾದವೊಂದಿದೆ. ಪ್ರತಿಮಾಲಕ್ಷಣವನ್ನು ತಿಳಿಯಬಯಸಿದ ರಾಜನಿಗೆ ಮುನಿಯು ಮೊದಲು ಚಿತ್ರವನ್ನೂ, ಅದಕ್ಕಾಗಿ ನೃತ್ತವನ್ನೂ, ನೃತ್ತಕ್ಕಾಗಿ ವಾದ್ಯವನ್ನೂ, ವಾದ್ಯಕ್ಕಾಗಿ ಗೀತವನ್ನೂ ತಿಳಿಯಬೇಕೆಂದು ಹೇಳುತ್ತಾನೆ. ಅಲ್ಲಿಂದ ಚರ್ಚೆ ಭಾಷೆ, ಗದ್ಯ, ಪದ್ಯಗಳ ಕಡೆಗೆ ಹೊರಳುತ್ತದೆ. ಇಲ್ಲಿ ಕಲೆಗಳನ್ನು ಒಂದಕ್ಕೊಂದು ಹೋಲುವ ವಸ್ತುಗಳೆಂದು ಭಾವಿಸಿಲ್ಲ. ಒಂದನ್ನು ಕಲಿಯಲು ಇನ್ನೊಂದು ಅನಿವಾರ್ಯವಾದ ವಿದ್ಯೆಗಳೆಂದು ಭಾವಿಸಲಾಗಿದೆ. ಹೋಲಿಕೆಗಿಂತ ಅವಲಂಬನೆ ಇಲ್ಲಿಯ ಮುಖ್ಯ ವಿಚಾರ.

ಈ ಅವಲಂಬನೆಯನ್ನು ನಿರ್ದಿಷ್ಟ ಕೃತಿಯೊಂದರಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಡಿ.ವಿ. ಗುಂಡಪ್ಪನವರ 'ಅಂತಃಪುರಗೀತೆ' (1950) ಅದಕ್ಕೆ ತಕ್ಕ ಆಕರ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕುರಿತು ರಚಿತವಾದ ಈ ಹಾಡುಗಳಿಗೆ ಕವಿ ರಾಗತಾಳಗಳನ್ನು ಸೂಚಿಸಿದ್ದಾರೆ. ಕಟ್ಟಡದಿಂದ ಹುಟ್ಟಿದ ಕವಿತೆ ಹಾಡಾಗಿಯೇ ಹುಟ್ಟಿದೆ. ಹೀಗೆ ಮೂರು ಕಲೆಗಳು ಒಂದೇ ಕೃತಿಯಲ್ಲಿ ಸಂಧಿಸಿದ ನಿದರ್ಶನ ಆಧುನಿಕ ಕನ್ನಡದಲ್ಲಿ ವಿರಳ.

2

ಮೊದಲು ಕಟ್ಟಡವನ್ನು ನೋಡಬೇಕು. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಈ ದೇವಾಲಯ ಎತ್ತರದ ಜಗತಿಯ ಮೇಲೆ ನಿಂತಿದೆ. ಗರ್ಭಗೃಹದ ಹೊರವಿನ್ಯಾಸ ನಕ್ಷತ್ರಾಕಾರದ್ದು. ಅದರ ಮುಂದೆ ಸುಕನಾಸಿ, ಬಳಿಕ ವಿಶಾಲವಾದ ನವರಂಗ. ಬಳಸಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗುವ ಈ ಶಿಲೆಯೇ ಹೊಯ್ಸಳ ಶಿಲ್ಪದ ಸೂಕ್ಷ್ಮ ಕೆತ್ತನೆಯನ್ನು ಸಾಧ್ಯವಾಗಿಸಿತು. ನವರಂಗವು ಆರಂಭದಲ್ಲಿ ತೆರೆದ ಮಂಟಪವಾಗಿತ್ತು. ಕಂಬಗಳ ನಡುವಿನ ಜಾಲಂಧ್ರಗಳು ಇಮ್ಮಡಿ ಬಲ್ಲಾಳನ ಕಾಲದಲ್ಲಿ (1173–1220) ಸೇರಿದವು. ಈ ಅಂಶ ಮುಂದಿನ ಚರ್ಚೆಗೆ ಮಹತ್ವದ್ದಾಗಿದೆ.

ಮದನಿಕೆಯರ ಸಂಖ್ಯೆ 42. ಇವರಲ್ಲಿ 38 ಮಂದಿ ಹೊರಗೆ, ಕಂಬದ ಬೋದಿಗೆಗೂ ಇಳಿಜಾರಾದ ಸೂರಿಗೂ ನಡುವೆ ಓರೆಯಾಗಿ ನಿಂತಿದ್ದಾರೆ. ಉಳಿದ ನಾಲ್ವರು ಒಳಗೆ, ನವರಂಗದ ನಡುವಣ ನಾಲ್ಕು ಕಂಬಗಳ ಮೇಲಿದ್ದಾರೆ. ಹೊರಗಿನ ವಿಗ್ರಹಗಳ ಸ್ಥಾನವನ್ನು ವಾಸ್ತುದೃಷ್ಟಿಯಿಂದ ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಂಬ ಲಂಬವಾದದ್ದು, ಸೂರು ಇಳಿಮುಖವಾದದ್ದು. ಈ ಎರಡು ರೇಖೆಗಳು ಸಂಧಿಸುವ ಎಡೆಯಲ್ಲಿ ಕಣ್ಣಿಗೆ ಒರಟೆನಿಸಬಹುದಾದ ತಿರುವನ್ನು ಮದನಿಕೆಯ ಬಾಗಿದ ದೇಹ ಮೃದುವಾಗಿಸುತ್ತದೆ. ಆಕೆಯ ತ್ರಿಭಂಗಿಯು ನೃತ್ತದ ಭಂಗಿಯಾಗಿರುವಂತೆಯೇ ಕಟ್ಟಡದ ಅಗತ್ಯಕ್ಕೂ ಒದಗಿದ ರೇಖೆಯಾಗಿದೆ. ಪ್ರತಿಮೆಯನ್ನು ತಿಳಿಯಲು ನೃತ್ತವನ್ನು ತಿಳಿಯಬೇಕೆಂಬ ಶಾಸ್ತ್ರವಾಕ್ಯಕ್ಕೆ ಇಲ್ಲಿ ಪ್ರತ್ಯಕ್ಷ ಪ್ರಮಾಣವಿದೆ.

ಮದನಿಕೆಯರನ್ನು ನೋಡುವ ಕ್ರಮವನ್ನೂ ಕಟ್ಟಡವೇ ನಿರ್ಧರಿಸುತ್ತದೆ. ಅವರೆಲ್ಲರನ್ನೂ ಏಕಕಾಲದಲ್ಲಿ ನೋಡಲು ಸಾಧ್ಯವಿಲ್ಲ. ಜಗತಿಯ ಮೇಲೆ ಪ್ರದಕ್ಷಿಣೆ ಬರುವವನು ತಲೆಯೆತ್ತಿ ಒಬ್ಬಳನ್ನು ನೋಡಿ, ಕಂಬದಿಂದ ಕಂಬಕ್ಕೆ ಇರುವ ಅಂತರವನ್ನು ನಡೆದು, ಮತ್ತೊಬ್ಬಳ ಮುಂದೆ ನಿಲ್ಲಬೇಕು. ನೋಟ, ನಡಿಗೆ, ಮತ್ತೆ ನೋಟ ಎಂಬ ಈ ಆವರ್ತನೆಯಲ್ಲಿ ಕಾಲದ ಅಳತೆ ಅಡಗಿದೆ. ಕಟ್ಟಡದಲ್ಲಿ ಲಯವಿದೆ ಎಂಬ ಮಾತನ್ನು ರೂಪಕವಾಗಿಯಲ್ಲದೆ ವಾಸ್ತವಾರ್ಥದಲ್ಲಿ ಹೇಳಬಹುದಾದರೆ ಅದು ಈ ನೆಲೆಯಲ್ಲಿ ಮಾತ್ರ.

ಇಲ್ಲಿಯ ಕಲ್ಲು ಅಕ್ಷರವನ್ನೂ ಹೊತ್ತಿದೆ. ಹಲವು ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇವರಲ್ಲಿ ಪ್ರಮುಖರು. ಕೆಲವು ಸಹಿಗಳಲ್ಲಿ ಪ್ರತಿಸ್ಪರ್ಧಿಗಳಾದ ರೂವಾರಿಗಳನ್ನು ಮೀರಿಸಿದೆನೆಂಬ ಅರ್ಥದ ಬಿರುದುಗಳೂ ಇವೆ. ಬಿರುದು ಎಂಬುದು ಶಾಸನಸಾಹಿತ್ಯದ ಅಂಗವಾಗಿರುವಂತೆ ಸಂಗೀತದ ಅಂಗವೂ ಹೌದು. ಶಾರ್ಙ್ಗದೇವನು 13ನೆಯ ಶತಮಾನದ ತನ್ನ 'ಸಂಗೀತರತ್ನಾಕರ'ದಲ್ಲಿ ಪ್ರಬಂಧದ ಆರು ಅಂಗಗಳನ್ನು ಸ್ವರ, ಬಿರುದು, ಪದ, ತೇನಕ, ಪಾಟ, ತಾಳ ಎಂದು ಎಣಿಸಿದ್ದಾನೆ. ರೂವಾರಿಯು ವಿಗ್ರಹದ ಪಾದದಲ್ಲಿ ತನ್ನ ಹೆಸರನ್ನಿಡುವುದು, ವಾಗ್ಗೇಯಕಾರನು ಕೊನೆಯ ಚರಣದಲ್ಲಿ ಅಂಕಿತವನ್ನಿಡುವುದು ಇವೆರಡನ್ನೂ ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತ. ಅವುಗಳ ನಡುವಿನ ಭೇದವೂ ಗಮನಾರ್ಹ. ವಾಗ್ಗೇಯಕಾರನು ಸಾಮಾನ್ಯವಾಗಿ ಇಷ್ಟದೈವದ ಹೆಸರಿನಲ್ಲಿ ತನ್ನನ್ನು ಮರೆಸಿಕೊಳ್ಳುತ್ತಾನೆ. ಬೇಲೂರಿನ ರೂವಾರಿ ತನ್ನ ಹೆಸರನ್ನು, ತಂದೆಯ ಹೆಸರನ್ನು, ಊರನ್ನು ನೇರವಾಗಿ ಹೇಳಿಕೊಳ್ಳುತ್ತಾನೆ.

3

ಇಂಥ ಕಟ್ಟಡವನ್ನು ಕವಿತೆಗೆ ತರುವಾಗ ಎದುರಾಗುವ ಮೂಲಭೂತ ತೊಡಕನ್ನು ಲೆಸ್ಸಿಂಗ್ 1766ರಷ್ಟು ಹಿಂದೆಯೇ ತನ್ನ 'ಲಾವೊಕೂನ್' ಗ್ರಂಥದಲ್ಲಿ ವಿವೇಚಿಸಿದ್ದ. ಶಿಲ್ಪ ದೇಶದಲ್ಲಿ ನೆಲೆಸಿದ್ದು, ಕಾವ್ಯ ಕಾಲದಲ್ಲಿ ಸಾಗುವಂಥದು. ಆದ್ದರಿಂದ ಶಿಲ್ಪಕ್ಕೆ ಒಂದು ಕ್ಷಣ ಮಾತ್ರ ದಕ್ಕುತ್ತದೆ, ಕಾವ್ಯಕ್ಕೆ ಕ್ರಿಯೆಗಳ ಸರಣಿ ದಕ್ಕುತ್ತದೆ ಎಂಬುದು ಆತನ ವಾದದ ಸಾರ. ಶಿಲ್ಪವನ್ನು ಕುರಿತು ಬರೆಯುವ ಕವಿಯ ಮುಂದೆ ಹೀಗೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ವಿಗ್ರಹದ ಅಂಗಾಂಗಗಳನ್ನು ಒಂದೊಂದಾಗಿ ಬಣ್ಣಿಸಿದರೆ ಕಣ್ಣಿಗೆ ಒಮ್ಮೆಗೇ ಕಾಣುವ ಸಮಗ್ರತೆ ಒಡೆದುಹೋಗುತ್ತದೆ. ವಿಗ್ರಹದ ಹಿಂದುಮುಂದಿನ ಕಥೆಯನ್ನು ಹೇಳಿದರೆ ನಿಂತಿರುವ ಮೂರ್ತಿಯು ಕಥೆಯ ಪಾತ್ರವಾಗಿ ಬದಲಾಗಿ, ಅದರ ನಿಶ್ಚಲತೆಯೇ ನಷ್ಟವಾಗುತ್ತದೆ.

'ಅಂತಃಪುರಗೀತೆ'ಯ ಸಾಧನೆಯನ್ನು ಈ ತೊಡಕಿನ ಹಿನ್ನೆಲೆಯಲ್ಲಿ ಅರಿಯಬೇಕು. ಲೆಸ್ಸಿಂಗನ ವಿವೇಚನೆಯಲ್ಲಿ ಮುಖಾಮುಖಿಯಾಗಿರುವುದು ಎರಡು ಕಲೆಗಳು. ಡಿ.ವಿ.ಜಿ.ಯವರು ಮೂರನೆಯದಾದ ಸಂಗೀತವನ್ನು ನಡುವೆ ತಂದರು. ಸಂಗೀತವೂ ಕಾಲದಲ್ಲಿ ಸಾಗುವ ಕಲೆಯೇ ಆದರೂ ಅದಕ್ಕೆ ಘಟನೆಗಳ ಹಂಗಿಲ್ಲ. ರಾಗವು ಒಂದು ಭಾವವನ್ನು ಮುಂದಿನ ಘಟನೆಗೆ ದಾಟಿಸದೆ, ಅದೇ ಭಾವದ ಸುತ್ತ ಸಂಚರಿಸುತ್ತದೆ. ಪಲ್ಲವಿಯು ಪ್ರತಿ ಚರಣದ ಬಳಿಕ ಮರಳಿ ಬರುತ್ತದೆ. ಹೀಗಾಗಿ ಹಾಡಿನಲ್ಲಿ ಕಾಲ ಸರಿಯುತ್ತದೆ, ಆದರೆ ಮದನಿಕೆ ನಿಂತಲ್ಲಿಯೇ ನಿಂತಿರುತ್ತಾಳೆ. ಕಥೆಯಿಲ್ಲದ ಕಾಲವನ್ನು ಸಾಹಿತ್ಯಕ್ಕೆ ಒದಗಿಸಿದ್ದೇ ಇಲ್ಲಿ ಸಂಗೀತದ ಕೊಡುಗೆ. ಈ ಕೃತಿಯಲ್ಲಿ ಸಂಗೀತವು ಕವಿತೆಗೆ ತೊಡಿಸಿದ ಅಲಂಕಾರವಲ್ಲ. ಶಿಲ್ಪಕ್ಕೆ ನಿಷ್ಠವಾಗಿರಲು ಕವಿತೆ ಅವಲಂಬಿಸಿದ ಸಾಧನ. ಇದು ಪ್ರಸ್ತುತ ಲೇಖನದ ಮುಖ್ಯ ಪ್ರತಿಪಾದನೆ.

ಕವಿಯ ಛಂದೋಆಯ್ಕೆಯೂ ಇದನ್ನು ಸಮರ್ಥಿಸುತ್ತದೆ. ಇದಕ್ಕೆ ಮುನ್ನ, 1943ರಲ್ಲಿ, ಡಿ.ವಿ.ಜಿ.ಯವರು 'ಮಂಕುತಿಮ್ಮನ ಕಗ್ಗ'ವನ್ನು ಪ್ರಕಟಿಸಿದ್ದರು. ಅಲ್ಲಿಯ ನಾಲ್ಕು ಸಾಲಿನ ಪದ್ಯ ವಿಚಾರವನ್ನು ಮಂಡಿಸಿ ಮುಗಿಸುವಂಥದು. ಕೊನೆಯ ಅಂಕಿತದೊಡನೆ ಪದ್ಯದ ಬಾಗಿಲು ಮುಚ್ಚಿಕೊಳ್ಳುತ್ತದೆ. ಮದನಿಕೆಯರ ಎದುರಿನಲ್ಲಿ ಅವರು ಆ ಬಂಧವನ್ನು ಬಳಸಲಿಲ್ಲ. ಇಲ್ಲಿಯ ಹಲವು ಹಾಡುಗಳು ಸಂಬೋಧನೆಯಿಂದ, ಪ್ರಶ್ನೆಯಿಂದ ತೊಡಗುತ್ತವೆ. ಪ್ರಶ್ನೆಗೆ ಗುರಿಯಾದವಳು ಶಿಲೆಯಾದ್ದರಿಂದ ಉತ್ತರ ದೊರೆಯುವಂತಿಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ಗದ್ಯದಲ್ಲಿ ಮತ್ತೆ ಮತ್ತೆ ಕೇಳಿದರೆ ಅದು ಬರಿಯ ಪುನರುಕ್ತಿಯಾಗುತ್ತದೆ. ಪಲ್ಲವಿಯಲ್ಲಿ ಕೇಳಿದಾಗ ಸಂಗತಿಗಳ ಮೂಲಕ ಪ್ರತಿಸಲವೂ ಹೊಸ ಛಾಯೆ ಪಡೆಯಲು ಅವಕಾಶವಿದೆ. ಒಂದೇ ವಿಗ್ರಹವನ್ನು ಬೆಳಗಿನಲ್ಲೂ ಸಂಜೆಯಲ್ಲೂ ನೋಡುವವನಿಗೆ ನೆರಳು ಬದಲಾದಂತೆ ಅದರ ಮುಖಭಾವ ಬೇರೆಯಾಗಿ ಕಾಣುವುದಕ್ಕೆ ಇದು ಸಂವಾದಿಯಾಗಿದೆ.

4

ಎರಡು ಉದಾಹರಣೆಗಳಿಂದ ಇದನ್ನು ವಿಶದಪಡಿಸಬಹುದು. ಜನಸಾಮಾನ್ಯರಲ್ಲಿ ದರ್ಪಣಸುಂದರಿ ಎಂದು ಹೆಸರಾದ ಮದನಿಕೆಯನ್ನು ಡಿ.ವಿ.ಜಿ.ಯವರು 'ಮುಕುರಮುಗ್ಧೆ' ಎಂದು ಕರೆದರು. ಎರಡೂ ಹೆಸರುಗಳಲ್ಲಿ ಕನ್ನಡಿಯಿದೆ. ಆದರೆ ದೃಷ್ಟಿ ಬೇರೆ. ಸುಂದರಿ ಎಂಬ ಮಾತು ನೋಡುವವರ ತೀರ್ಪು. ಮುಗ್ಧೆ ಎಂಬುದು ಅಲಂಕಾರಶಾಸ್ತ್ರದ ನಾಯಿಕಾಭೇದದ ಪರಿಭಾಷೆ. ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂಬ ವಿಭಾಗದಲ್ಲಿ ಮೊದಲನೆಯವಳಾದ ಈಕೆ ಪ್ರೇಮವನ್ನು ಹೊಸದಾಗಿ ಅರಿಯುತ್ತಿರುವವಳು, ತನ್ನನ್ನು ತಾನೇ ಇನ್ನೂ ಪೂರ್ತಿ ಅರಿಯದವಳು. ಜಗತಿಯ ಮೇಲೆ ನಿಂತವನಿಗೆ ಆಕೆ ಕನ್ನಡಿ ನೋಡುವುದು ಕಾಣುತ್ತದೆ, ಕನ್ನಡಿಯಲ್ಲಿ ಆಕೆಗೆ ಏನು ಕಂಡಿತೆಂಬುದು ಕಾಣುವುದಿಲ್ಲ. ಶಿಲ್ಪಿ ಮರೆಯಾಗಿಯೇ ಉಳಿಸಿದ ಈ ಅಂಶಕ್ಕೆ ಸಾಹಿತ್ಯವು ಒಂದೇ ಪದದಲ್ಲಿ ಮಾನಸಿಕ ಆಯಾಮವನ್ನು ಕೊಟ್ಟಿದೆ. ಶಿಲೆಗೆ ಸಾಹಿತ್ಯ ಸಲ್ಲಿಸಿದ ಕಾಣಿಕೆ ಇಂಥದು.

'ಶುಕಭಾಷಿಣಿ'ಯ ಪ್ರಸಂಗ ಇನ್ನೊಂದು ಬಗೆಯದು. ಗಿಳಿಯೊಡನಿರುವ ಸ್ತ್ರೀ ಭಾರತೀಯ ಶಿಲ್ಪಕ್ಕೂ ಕಾವ್ಯಕ್ಕೂ ಸಮಾನವಾದ ವಸ್ತು. ಗಿಳಿ ಮಾತನ್ನು ಅನುಕರಿಸುವ ಹಕ್ಕಿಯಾದ್ದರಿಂದ ಈ ಶಿಲ್ಪದ ನಿಜವಾದ ವಸ್ತು ಧ್ವನಿಯೇ. ಅದು ಕಲ್ಲಿಗೆ ಎಟುಕದ್ದು. ಕವಿತೆಯು ಧ್ವನಿಯನ್ನು ಹೆಸರಿಸಬಲ್ಲದು. ಹಾಡು ಅದನ್ನು ಕೇಳಿಸಬಲ್ಲದು. ವಾದ್ಯ ಹಿಡಿದ, ನೃತ್ಯಭಂಗಿಯಲ್ಲಿರುವ ಮದನಿಕೆಯರ ವಿಷಯದಲ್ಲಿಯೂ ಹೀಗೆಯೇ. ಶಿಲ್ಪಿ ಕೆತ್ತಿದ್ದು ನಾದವನ್ನಲ್ಲ, ನಾದಕ್ಕೆ ಸಿದ್ಧವಾದ ದೇಹದ ಬಿಗುವನ್ನು. ಹಾಡು ಆ ಮೌನವನ್ನು ತುಂಬುತ್ತದೆ. ಆದರೆ ಇಲ್ಲಿ ಒಂದು ಅಪಾಯವೂ ಉಂಟು. ಕಲ್ಲಿನ ಮೌನವನ್ನು ಹಾಡು ಪೂರ್ತಿಯಾಗಿ ತುಂಬಿಬಿಟ್ಟರೆ ವಿಗ್ರಹವು ಹಾಡಿಗೆ ಚಿತ್ರಪಟ ಮಾತ್ರವಾಗುತ್ತದೆ. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಂಡ ಹಾಡುಗಳು ಈ ಅಪಾಯದಿಂದ ಪಾರಾಗಿವೆ. ಕವಿಯೇ ಉತ್ತರವನ್ನು ಊಹಿಸಿ ಹೇಳುವೆಡೆಗಳಲ್ಲಿ ಶಿಲ್ಪದ ಒತ್ತಡ ಸಡಿಲುತ್ತದೆ.

5

ಕೃತಿಯ ಮಿತಿಗಳನ್ನೂ ಇದೇ ಮಾನದಂಡದಿಂದ ಪರಿಶೀಲಿಸಬೇಕಾಗಿದೆ. ಮೊದಲನೆಯದು ಶೀರ್ಷಿಕೆಗೆ ಸಂಬಂಧಿಸಿದ್ದು. ಅಂತಃಪುರವೆಂದರೆ ಒಳಮನೆ, ಪರರಿಗೆ ಪ್ರವೇಶವಿಲ್ಲದ ಸ್ಥಳ. ಆದರೆ 42 ಮದನಿಕೆಯರಲ್ಲಿ 38 ಮಂದಿ ಇರುವುದು ಹೊರಮೈಯಲ್ಲಿ, ಪ್ರದಕ್ಷಿಣೆ ಬರುವ ಎಲ್ಲರ ಕಣ್ಣೆದುರಿನಲ್ಲಿ. ಅವರನ್ನು ಚೆನ್ನಕೇಶವನ ಅಂತಃಪುರದವರೆಂದು ಭಾವಿಸುವುದು ಕವಿಯ ಕಲ್ಪನೆ. ಈ ಕಲ್ಪನೆಯ ಮೂಲಕ ಶೃಂಗಾರವು ಭಕ್ತಿಯೊಡನೆ ಬೆಸೆದುಕೊಳ್ಳುತ್ತದೆ. ದೇಹಸೌಂದರ್ಯವನ್ನು ಕುರಿತ ಸಂಕೋಚವಿಲ್ಲದ ಮಾತಿಗೆ ದೈವದ ಸನ್ನಿಧಿ ಒದಗುತ್ತದೆ. ಇದು ಗಣನೀಯ ಸಾಧನೆಯೇ ಸರಿ. ಆದರೆ ಬೇಟೆಯಾಡುವವಳು, ಸೀರೆಯ ಸೆರಗನ್ನೆಳೆಯುವ ಕಪಿಯನ್ನು ಓಡಿಸುವವಳು ಮೊದಲಾದವರನ್ನೂ ಒಂದೇ ಅಂತಃಪುರಕ್ಕೆ ಸೇರಿಸಿದಾಗ ಅವರ ಬಯಲಿನ ಬದುಕು ಮಸುಕಾಗುತ್ತದೆ. ಮೇಲೆ ಹೇಳಿದಂತೆ ಮಂಟಪವು ಮೊದಲು ತೆರೆದಿತ್ತು, ಜಾಲಂಧ್ರಗಳು ಬಂದ ಮೇಲೆ ಒಳಗು ಹೊರಗುಗಳ ಭೇದ ಗಟ್ಟಿಯಾಯಿತು. ಡಿ.ವಿ.ಜಿ.ಯವರ ಅಂತಃಪುರವು ಜಾಲಂಧ್ರಗಳಿಂದ ಮುಚ್ಚಿದ ದೇವಾಲಯವನ್ನು ಕಂಡ ಕಣ್ಣಿನ ಕಲ್ಪನೆ. ವಿಷ್ಣುವರ್ಧನನ ಕಾಲದ ತೆರೆದ ಮಂಟಪದ್ದಲ್ಲ ಎಂದು ಹೇಳಬಹುದು.

ಎರಡನೆಯ ಮಿತಿ ಶಿಲ್ಪಿಗಳಿಗೆ ಸಂಬಂಧಿಸಿದ್ದು. ಮದನಿಕೆಯರನ್ನು ಜೀವಂತ ಸ್ತ್ರೀಯರೆಂದು ಸಂಬೋಧಿಸುವ ಕ್ರಮದಲ್ಲಿ ಅವರನ್ನು ಕೆತ್ತಿದ ಕೈ ಮರೆಯಾಗುತ್ತದೆ. ಪೀಠದಲ್ಲಿ ಹೆಸರನ್ನು ಕೊರೆದು ನಿಂತ ದಾಸೋಜ, ಚಾವಣರು ಹಾಡಿನ ಲೋಕಕ್ಕೆ ಹೊರಗೇ ಉಳಿಯುತ್ತಾರೆ. 'ಕಲೋಪಾಸಕರು' ಎಂಬ ಸಂಪುಟದಲ್ಲಿ ತಾವು ಕಂಡ ಕಲಾವಿದರ ವ್ಯಕ್ತಿಚಿತ್ರಗಳನ್ನು ಅಕ್ಕರೆಯಿಂದ ಬಿಡಿಸಿದ ಲೇಖಕರ ವಿಷಯದಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ಸಂಗತಿ.

ಮೂರನೆಯದು ಇವೆರಡಕ್ಕಿಂತ ಗಂಭೀರವಾದದ್ದು. ಮಧ್ಯಕಾಲದ ಶಾಸನಗಳು ದೇವರ ಅಂಗಭೋಗ, ರಂಗಭೋಗಗಳಿಗೆ ಬಿಟ್ಟ ದತ್ತಿಗಳನ್ನು ಪದೇ ಪದೇ ಉಲ್ಲೇಖಿಸುತ್ತವೆ. ರಂಗಭೋಗವೆಂದರೆ ಹಾಡುವ, ಕುಣಿಯುವ, ಬಾಜಿಸುವ ಸೇವೆ. ನವರಂಗದ ನಡುವಣ ವೃತ್ತಾಕಾರದ ರಂಗಶಿಲೆಯೂ ಅದರ ಮೇಲಿನ ಭುವನೇಶ್ವರಿಯೂ ಸುತ್ತಲಿನ ನಾಲ್ಕು ಮದನಿಕೆಯರೂ ಈ ಸೇವೆಯ ಆವರಣವನ್ನು ರೂಪಿಸುತ್ತವೆ. ಅಲ್ಲಿ ವಾಸ್ತು ಮತ್ತು ಸಂಗೀತಗಳ ಸಂಬಂಧ ಕಲ್ಪನೆಯದಾಗಿರಲಿಲ್ಲ, ದಿನಚರಿಯದಾಗಿತ್ತು. ಮೈಸೂರು ಸಂಸ್ಥಾನವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆ ವ್ಯವಸ್ಥೆಯಲ್ಲಿದ್ದ ಶೋಷಣೆಯನ್ನು ನೆನೆದರೆ ಸುಧಾರಣೆಯ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಅದರೊಡನೆ ಕಲೆಯನ್ನು ವೃತ್ತಿಯಾಗಿ ಉಳಿಸಿಕೊಂಡು ಬಂದ ಸ್ತ್ರೀಯರೂ ರಂಗಮಂಟಪದಿಂದ ಹೊರಗಾದರು. 'ಅಂತಃಪುರಗೀತೆ' ಪ್ರಕಟವಾದದ್ದು ಇದಾದ ನಾಲ್ಕು ದಶಕಗಳ ಬಳಿಕ. ಮಂಟಪದಲ್ಲಿ ಹಾಡುತ್ತಿದ್ದ ಸ್ತ್ರೀಯರು ಇಲ್ಲವಾದ ಮೇಲೆ ಕವಿಯು ಕಲ್ಲಿನ ಸ್ತ್ರೀಯರನ್ನು ಕುರಿತು ಹಾಡು ಕಟ್ಟಿದರು. ಆ ಹಾಡುಗಳು ಬಾಳಿದ್ದು ದೇವಾಲಯದಲ್ಲಲ್ಲ, ಸಂಗೀತ ಸಭೆಯಲ್ಲಿ ಮತ್ತು ಭರತನಾಟ್ಯದ ವೇದಿಕೆಯಲ್ಲಿ.

ಇದನ್ನು ಕವಿಯ ಮೇಲಿನ ಆಕ್ಷೇಪವೆಂದು ತಿಳಿಯಬೇಕಾಗಿಲ್ಲ. ಮೂರು ಕಲೆಗಳು ಒಂದೆಡೆ ಸೇರಿದ್ದ ಆವರಣ ಒಡೆದ ಮೇಲೆ ಅವುಗಳನ್ನು ಪುಸ್ತಕದಲ್ಲಿ ಮರಳಿ ಸೇರಿಸುವ ಪ್ರಯತ್ನವಾಗಿ 'ಅಂತಃಪುರಗೀತೆ'ಗೆ ಚಾರಿತ್ರಿಕ ಮಹತ್ವವಿದೆ. ಆದರೆ ಹಾಗೆ ಸೇರಿಸುವಾಗ ಯಾರು ಒಳಗೆ ಬಂದರು, ಯಾರು ಹೊರಗುಳಿದರು ಎಂಬ ಪ್ರಶ್ನೆಯನ್ನು ವಿಮರ್ಶೆ ಕೇಳಲೇಬೇಕು. ನರ್ತಕಿಯರು ಈ ಹಾಡುಗಳಿಗೆ ಅಭಿನಯಿಸಿದಾಗ ಮದನಿಕೆಯ ಭಂಗಿ ಮತ್ತೆ ದೇಹಕ್ಕೆ ಮರಳುತ್ತದೆ. ನೃತ್ತದಿಂದ ಪ್ರತಿಮೆಗೆ ಸಾಗಿದ ದಾರಿ ಹೀಗೆ ಪ್ರತಿಮೆಯಿಂದ ಕವಿತೆಗೆ, ಕವಿತೆಯಿಂದ ಗೀತಕ್ಕೆ, ಗೀತದಿಂದ ನೃತ್ತಕ್ಕೆ ಹಿಂದಿರುಗುತ್ತದೆ. ವಿಷ್ಣುಧರ್ಮೋತ್ತರವು ಹೇಳಿದ ಅವಲಂಬನೆಯ ಸರಪಳಿ ವಿಲೋಮಕ್ರಮದಲ್ಲಿಯೂ ಸತ್ಯವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

6

ಕೊನೆಯದಾಗಿ ಅಧ್ಯಯನವಿಧಾನವನ್ನು ಕುರಿತು ಒಂದು ಮಾತು. ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಬೇಲೂರಿನ ದೇವಾಲಯವನ್ನು ಕುರಿತ ಗ್ರಂಥವನ್ನು 1919ರಲ್ಲಿ ಪ್ರಕಟಿಸಿದರು. 'ಕರ್ನಾಟಕ ಕವಿಚರಿತೆ'ಯನ್ನು ರಚಿಸಿದವರೂ ಅವರೇ. ಶಾಸನದ ಲಿಪಿಯನ್ನು ಓದಿದ ಕಣ್ಣು, ಕಂಬದ ಕೆತ್ತನೆಯನ್ನು ಅಳೆದ ಕಣ್ಣು, ಕಾವ್ಯದ ಹಸ್ತಪ್ರತಿಯನ್ನು ಪರಿಶೀಲಿಸಿದ ಕಣ್ಣು ಒಂದೇ ಆಗಿದ್ದ ಕಾಲವದು. ಆಮೇಲೆ ವಿದ್ಯಾಶಾಖೆಗಳು ಬೇರೆ ಬೇರೆಯಾಗಿ ಆಳವಾದವು. ಆಳದ ಲಾಭ ಸಂದಿದೆ. ಆದರೆ ವಾಸ್ತುವಿದ್ವಾಂಸರ ಬರಹದಲ್ಲಿ ಮದನಿಕೆಯ ಹಾಡಿಲ್ಲ, ಸಾಹಿತ್ಯವಿಮರ್ಶೆಯಲ್ಲಿ ಆಕೆ ನಿಂತ ಕಂಬವಿಲ್ಲ, ಸಂಗೀತವಿಮರ್ಶೆಯಲ್ಲಿ ಇವೆರಡೂ ಇಲ್ಲ ಎಂಬ ಸ್ಥಿತಿ ಬಹುಮಟ್ಟಿಗೆ ಮುಂದುವರಿದಿದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಈ ಮನ್ನಣೆಯಿಂದ ಕಲ್ಲಿನ ರಕ್ಷಣೆಗೆ ಬಲ ಬಂದಿದೆ. ಕಲ್ಲಿನಿಂದ ಹುಟ್ಟಿದ ಹಾಡಿನ ರಕ್ಷಣೆಗೂ ವ್ಯವಸ್ಥೆಯಾಗಬೇಕು. ಪ್ರತಿಯೊಬ್ಬ ಮದನಿಕೆಯ ಸ್ಥಾನ, ಆಕೆಯ ಪೀಠದಲ್ಲಿರುವ ಶಾಸನಪಾಠ, ಆಕೆಯನ್ನು ಕುರಿತ ಹಾಡು, ಅದಕ್ಕೆ ಕವಿ ಸೂಚಿಸಿದ ರಾಗತಾಳ, ಅದು ವೇದಿಕೆಯಲ್ಲಿ ಪಡೆದ ರೂಪಾಂತರ ಇವುಗಳನ್ನು ಒಟ್ಟಾಗಿ ನೀಡುವ ಸೂಚಿಯೊಂದನ್ನು ಸಿದ್ಧಪಡಿಸಿದರೆ ಮುಂದಿನ ಸಂಶೋಧಕರಿಗೆ ಗಟ್ಟಿಯಾದ ನೆಲೆ ದೊರೆಯುತ್ತದೆ. ದಾಸೋಜನ ಸಹಿ ಮತ್ತು ಡಿ.ವಿ.ಜಿ.ಯವರ ಪಲ್ಲವಿ ಆ ಸೂಚಿಯ ಒಂದೇ ಪುಟದಲ್ಲಿ ಬಂದಾಗ, ಕಲೆಗಳ ಪರಸ್ಪರ ಸಂಬಂಧವನ್ನು ಕುರಿತ ನಮ್ಮ ಮಾತು ಉಪಮೆಯನ್ನು ದಾಟಿ ಶಾಸ್ತ್ರದ ಮಟ್ಟಕ್ಕೆ ಏರಲು ಸಾಧ್ಯವಾದೀತು.